ಹೊಟ್ಟು ಒಲ್ಲದ ಬೊಮ್ಮಿ

ಬಾತುಕೋಳಿಗಳ ದೊಡ್ಡಿಯೊಂದರಲ್ಲಿ ಬೊಮ್ಮಿ ಎಂಬ ಠೀವಿಯ ಬಾತು ಇದ್ದಳು. ಒಡೆಯನು ಜೋಳದ ನುಚ್ಚಿಗೆ ಭತ್ತದ ಹೊಟ್ಟು ಬೆರೆಸಿ ತೊಟ್ಟಿಗೆ ಹಾಕುತ್ತಿದ್ದ. ಬೊಮ್ಮಿ ಎಲ್ಲರಿಗಿಂತ ಮೊದಲು ನುಗ್ಗಿ, ನುಚ್ಚನ್ನಷ್ಟೇ ಆರಿಸಿ ತಿಂದು, ಹೊಟ್ಟನ್ನು ಕೊಕ್ಕಿನಿಂದ ಆಚೆ ತಳ್ಳುತ್ತಿದ್ದಳು. ಆದರೂ ಅವಳ ಹಸಿವು ಹಿಂಗುತ್ತಿರಲಿಲ್ಲ. ಸುಮ್ಮನಿರಲಾರದ ಕೊಕ್ಕು ಪಕ್ಕದವರ ಗರಿ ಕೀಳತೊಡಗಿತು. ಒಂದು ಮಧ್ಯಾಹ್ನ, ಮಲಗಿದ್ದ ಸಾಕಿ ಎಂಬ ಹಿರಿಯ ಬಾತಿನ ಬೆನ್ನಿನಿಂದ ರಕ್ತವೇ ಬಂತು. ಬಾತುಗಳೆಲ್ಲ ಸೇರಿ ಬೊಮ್ಮಿಯನ್ನು ಮೂಲೆಗೆ ಅಟ್ಟಿದವು.

ಬೊಮ್ಮಿಗೆ ಅಳು ಬಂತು. "ಬೇಕೆಂದು ಮಾಡಿದ್ದಲ್ಲ, ಸಾಕಕ್ಕ. ಎಷ್ಟು ತಿಂದರೂ ನನಗೆ ಹೊಟ್ಟೆ ತುಂಬಿದಂತಾಗುವುದಿಲ್ಲ," ಎಂದಳು.

"ನೀನು ತಳ್ಳಿದ ಹೊಟ್ಟನ್ನೂ ನಾವು ತಿನ್ನುತ್ತೇವೆ. ನಮಗೆ ತುಂಬುತ್ತದಲ್ಲ. ನೀನೂ ತಿನ್ನು," ಎಂದಳು ಸಾಕಿ.

"ಛೀ, ಅದು ದನಗಳ ಪಾಲು!"

"ಹಾಗಾದರೆ ನನ್ನ ಬೆನ್ನು ನಿನ್ನ ಪಾಲೋ?"

ಬೊಮ್ಮಿ ತಲೆ ತಗ್ಗಿಸಿ ತೊಟ್ಟಿಯ ಬಳಿಗೆ ಹೋಗಿ, ನುಚ್ಚಿನ ಜೊತೆ ಹೊಟ್ಟನ್ನೂ ತಿಂದಳು. ದಿನ ಕಳೆದಂತೆ ಅವಳ ಹೊಟ್ಟೆ ತಣಿಯಿತು. ಕೊಕ್ಕು ಅವಳ ರೆಕ್ಕೆಯೊಳಗೇ ಹುದುಗಿ ನಿದ್ದೆ ಮಾಡುವುದನ್ನು ಕಲಿಯಿತು. ಅದನ್ನು ಕಂಡ ಸಾಕಿ ಎದ್ದು ಬಂದು, ಗರಿಯಿಲ್ಲದ ಬೆನ್ನನ್ನು ಅವಳ ಕಡೆಗೇ ಮಾಡಿ ಮಲಗಿದಳು.