ದ್ಯಾಮವ್ವನ ಮಗ ಕರೆ ಕಳಿಸಿದ್ದು

ಒಂದು ಹಾಲಿನ ಡೇರಿ. ಡೇರಿಯಲ್ಲಿ ಕ್ಯಾನು ತೊಳೆಯುವ ದ್ಯಾಮವ್ವ. ದ್ಯಾಮವ್ವನಿಗೆ ಒಬ್ಬನೇ ಮಗ, ಮೈಲಾರಿ. ಕಂಪ್ಯೂಟರ್ ಕಲಿತಿದ್ದ, ಅದೊಂದನ್ನೇ ಕಲಿತಿದ್ದ. ಹಿಡಿದ ಕೆಲಸವೆಲ್ಲ ಕೈಬಿಟ್ಟ ಮೇಲೆ ಅವಳೇ ಮ್ಯಾನೇಜರ್ ಬಡಿಗೇರ ಸಾಹೇಬರ ಮುಂದೆ ಸೆರಗೊಡ್ಡಿ ಡೇರಿಯಲ್ಲೇ ಒಂದು ಕೆಲಸ ಕೊಡಿಸಿದಳು. ಇದೂ ಹೋದರೆ ಇವನನ್ನು ಕೆಲಸಕ್ಕೆ ಕರೆಯುವವರು ಈ ಸೀಮೆಯಲ್ಲೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಕೆಲಸವೇನು ದೊಡ್ಡದಲ್ಲ. ಊರೂರಿನಲ್ಲಿ ದನಕ್ಕೆ ಜಡ್ಡು ಬಂದರೆ ರೈತರು ಡೇರಿಗೆ ವಿಡಿಯೋ ಕರೆ ಮಾಡುತ್ತಾರೆ, ದನದ ಡಾಕ್ಟರು ಪರದೆಯಲ್ಲೇ ನೋಡಿ ಔಷಧಿ ಹೇಳುತ್ತಾರೆ. ಯಾರ ಕರೆ ಯಾರಿಗೆ ಹೋಗಬೇಕು ಎಂದು ಸರ್ವರಿನಲ್ಲಿ ನಿಯಮ ಬರೆದಿಡಬೇಕು, ಅಷ್ಟೇ. ಮೈಲಾರಿ ಹೇಳಿದ್ದನ್ನೇ ಬರೆಯುವವನು, ಸರ್ವರ್ ಬರೆದದ್ದನ್ನೇ ಮಾಡುವುದು. ಇಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಇರಬೇಕಿತ್ತು.

ಮೊದಲ ದಿನ ಸಾಹೇಬರು, ಬಂದ ಕರೆಯನ್ನೆಲ್ಲ ಹೂಗಾರ ಡಾಕ್ಟರಿಗೆ ಕಳಿಸು ಅಂದರು. ಬಂದ ಕರೆಯನ್ನೆಲ್ಲ ಎಂದೇ ಮೈಲಾರಿ ಬರೆದ. ಡೇರಿಯ ಅಧ್ಯಕ್ಷರು ಸಾಹೇಬರಿಗೆಂದು ಮಾಡಿದ ಕರೆಯೂ ಡಾಕ್ಟರಿಗೇ ಹೋಯಿತು. ಡಾಕ್ಟರು ತಲೆ ಎತ್ತದೆ, ಮೇವು ಬಿಟ್ಟು ಎಷ್ಟು ದಿನವಾಯಿತು, ಸೆಗಣಿ ಹೇಗಿದೆ ಎಂದು ವಿಚಾರಿಸಿದರು.

ಸಾಹೇಬರು ದ್ಯಾಮವ್ವನನ್ನು ಕರೆಸಿ ಉಗಿದರು. ದ್ಯಾಮವ್ವ ಮಗನನ್ನು ಉಗಿದಳು.

“ಅಧ್ಯಕ್ಷರು ಎಮ್ಮಿ ಏನೋ ಮಂಕೇ? ದನ ಕಂಡ್ರ ಒಳಗ ಬಿಡು. ದನ ಇಲ್ಲದವರನ್ನ ಯಾಕ ಬಿಟ್ಟಿ?”

“ಆತಬೇ ಅವ್ವಾ.”

ಮರುದಿನ ಯಾರೇ ಕರೆ ಮಾಡಲಿ, ‘ದನ ತೋರಿಸಿ’ ಎಂದು ಪರದೆಯಲ್ಲಿ ಬರುವಂತೆ, ತೋರಿಸಿದರಷ್ಟೇ ಕರೆ ಮುಂದೆ ಹೋಗುವಂತೆ ಬರೆದ. ಅಂದು ಸಾಹೇಬರು ಹೆಂಡತಿಯ ತವರಿಗೆ ಹೋಗಿದ್ದರು. ಅಲ್ಲಿಂದ ಕಚೇರಿಗೆ ಕರೆ ಮಾಡಿದರೆ, ದನ ತೋರಿಸಿ. ಮತ್ತೆ ಮಾಡಿದರೆ, ದನ ತೋರಿಸಿ. ಕಡೆಗೆ ಪಕ್ಕದ ಮನೆಯ ಕರುವನ್ನು ಹಿಡಿದು ತಂದು ಸೋಫಾದ ಕಾಲಿಗೆ ಕಟ್ಟಿ ತೋರಿಸಿದರು. ಕರೆ ನೇರ ಹೂಗಾರ ಡಾಕ್ಟರಿಗೆ ಹೋಯಿತು. ಡಾಕ್ಟರು ಜಂತಿನ ಔಷಧಿ ಬರೆದುಕೊಟ್ಟರು.

ದ್ಯಾಮವ್ವ ಸಾಹೇಬರ ಕಾಲು ಹಿಡಿದು ಇನ್ನೊಂದು ಸಲ ಉಳಿಸಿಕೊಂಡಳು. ಇನ್ನೊಂದೇ ಸಲ ಅಂದರು ಸಾಹೇಬರು. ಮನೆಗೆ ಬಂದವಳಿಗೆ ಬೈಯುವ ಶಕ್ತಿಯೂ ಇರಲಿಲ್ಲ.

“ನಿನಗ ತಿಳೀದ ಕರೆ ಬಂದ್ರ ಎಲ್ಲೂ ಕಳಿಸಬ್ಯಾಡೋ ನನ್ನಪ್ಪಾ. ಎಲ್ಲಿಂದ ಬಂತೋ ಅಲ್ಲಿಗೇ ಕಳಿಸಿಬಿಡು.”

“ಆತಬೇ ಅವ್ವಾ.”

ತನಗೆ ತಿಳಿಯುವ ಕರೆ ಯಾವುದು ಎಂದು ಮೈಲಾರಿ ಪ್ರಾಮಾಣಿಕವಾಗಿ ಯೋಚಿಸಿದ. ಒಂದೂ ಇರಲಿಲ್ಲ. ಮರುದಿನ ಹಳೆಯ ನಿಯಮವನ್ನೆಲ್ಲ ಅಳಿಸಿ, ಎಲ್ಲ ಕರೆಯೂ ಬಂದಲ್ಲಿಗೇ ಎಂದು ಬರೆದ.

ಅಂದು ಊರೂರಿನ ಹಾಲಿನ ಸಂಘದವರ ದೊಡ್ಡ ಸಭೆ ವಿಡಿಯೋದಲ್ಲೇ ಇತ್ತು. ಒಬ್ಬೊಬ್ಬರಿಗೂ ಪರದೆಯಲ್ಲಿ ಕಂಡದ್ದು ಅವರವರದೇ ಮುಖ. ಕೇಳಿಸ್ತದೇನ್ರಿ ಅಂದರೆ ಕೇಳಿಸ್ತದೇನ್ರಿ ಎಂದೇ ಉತ್ತರ. ಒಬ್ಬ ಮುದುಕ ಹಾಲಿನ ದರ ಏರಿಸಿ ಎಂದು ತಾನೇ ಕೇಳಿ, ತಾನೇ ಒಪ್ಪಿ, ಕೈ ಮುಗಿದು ಎದ್ದುಹೋದ.

ಸಾಹೇಬರು ತಲೆನೋವೆಂದು ಮನೆ ಸೇರಿದರು. ದ್ಯಾಮವ್ವ ಬಾಗಿಲಿಗೆ ಹೋಗಿ ಎಷ್ಟು ಗೋಗರೆದರೂ ಕೇಳಲಿಲ್ಲ. ನಿನ್ನ ಮಗನ ಎದುರು ನಿಂತರೆ ಕೈ ಎತ್ತಿಬಿಟ್ಟೇನು, ಈಗಲೇ ಕರೆ ಮಾಡಿ ಹೇಳಿಬಿಡುತ್ತೇನೆ ಅಂದರು. ಅವಳು ಮನೆಗೆ ಬಂದು ಒಲೆ ಹಚ್ಚದೆ ಕೂತಳು. ಸಂಜೆ ಮಗ ನಗುನಗುತ್ತ ಬಂದ.

“ಸಾಹೇಬ್ರ ಕರೆ ಬಂತೇನೋ?”

“ಬಂತಬೇ. ಬಂದಲ್ಲಿಗೇ ಹೋತು. ನಾಳಿಂದ ಕೆಲಸಕ್ಕ ಬರಬ್ಯಾಡ ಅಂತ ಯಾರಿಗೋ ಜೋರು ಮಾಡಾಕತ್ತಿದ್ರು. ಯಾರಿಗೆ ಅಂತ ಸರ್ವರಿನ ಪರದೆ ನೋಡಿದ್ರ, ಅಲ್ಲೂ ಸಾಹೇಬ್ರ. ಪಾಪ, ಅವರ ಕೆಲಸ ಹೋತು ನೋಡು.”

ದ್ಯಾಮವ್ವ ಹಣೆ ಹಣೆ ಚಚ್ಚಿಕೊಂಡಳು. ಬೆಳಗ್ಗೆ ಏಳುವಷ್ಟರಲ್ಲಿ ಮಗ ಹಾಸಿಗೆಯಲ್ಲಿರಲಿಲ್ಲ. ಓಡಿ ಡೇರಿಗೆ ಬಂದಳು. ಮೈಲಾರಿ ಸಾಹೇಬರ ಕುರ್ಚಿಯಲ್ಲಿ ಕೂತಿದ್ದ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು, ಸಿಟ್ಟಿಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಮೈಲಾರಿಗೆ ಅಯ್ಯೋ ಅನ್ನಿಸಿತು. ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟ.

“ಅಳಬ್ಯಾಡ್ರೀ ಸಾಹೇಬ್ರ. ನಮ್ಮವ್ವಗ ಹೇಳಿ ಎಲ್ಲ್ಯರ ಒಂದು ಕೆಲಸ ಕೊಡಸ್ತೀನಿ.”