ಗುಂಡಿ ಬಿಟ್ಟ ಸುದ್ದಿ

"ಬುದ್ಧಿ, ಅಣ್ಣನ ಮೇಲಿನ ಸಿಟ್ಟನ್ನು ಬಿಟ್ಟೆನೆಂದು ಮೊನ್ನೆ ನಿಮ್ಮೆದುರೇ ಹೇಳಿದೆ. ಮನಸಾರೆ ಬಿಟ್ಟೆ. ಆದರೂ ಅದು ನನ್ನ ಬೆನ್ನು ಬಿಡುತ್ತಿಲ್ಲ. ಏಕೆ?" ಎಂದು ಶಿಷ್ಯ ಸಿದ್ಧವೀರ ಕೇಳಿದ.

ಗುರುಗಳು ಕಾವಿ ಉಡುವ ಮೊದಲು ಕಂಪ್ಯೂಟರ್ ಕಂಪನಿಯೊಂದರಲ್ಲಿ ದುಡಿದವರು. ಅವರು ನಕ್ಕು, "ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ" ಎಂದರು.

ಒಬ್ಬಳು ಪ್ರೋಗ್ರಾಮರ್ ಇದ್ದಳು. ಕಂಪ್ಯೂಟರ್ ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿದ್ದ ಕಾಲ ಅದು. ಅವಳು ಪರದೆಯ ಮೇಲೆ ಎರಡು ಕಿಟಕಿ ತೆರೆದು, ಒಂದರಲ್ಲಿ ಚಿತ್ರ ಬರೆಯುವ, ಇನ್ನೊಂದರಲ್ಲಿ ಕಾಗದ ಬರೆಯುವ ಪ್ರೋಗ್ರಾಂ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸಿದಳು. ಎರಡಕ್ಕೂ ಮೌಸ್ ಒಂದೇ. ಹಿಗ್ಗಿ ಹೀರೇಕಾಯಿಯಾದಳು.

ಮ್ಯಾನೇಜರ್ ಬಂದು ಕೈಯಾಡಿಸಿದಾಗ ಎಡವಟ್ಟಾಯಿತು. ಅವನು ಮೌಸ್‌ನ ಗುಂಡಿ ಒತ್ತಿ ಒಂದು ಚಿತ್ರವನ್ನು ಹಿಡಿದ, ಎಳೆದ, ಗುಂಡಿ ಬಿಟ್ಟ. ಚಿತ್ರ ಮಾತ್ರ ಪರದೆಯ ಬಾಣಕ್ಕೆ ಅಂಟಿಕೊಂಡೇ ಉಳಿಯಿತು. ಬಾಣ ಹೋದಲ್ಲೆಲ್ಲ ಅದೂ ಹಿಂದೆ ಹಿಂದೆ ಹೋಯಿತು.

"ನಾಳೆಯೊಳಗೆ ಸರಿಹೋಗದಿದ್ದರೆ ಈ ಕಿಟಕಿಗಳ ಸಹವಾಸವೇ ಬೇಡಮ್ಮ. ಮೊದಲಿನ ಹಾಗೆ ಒಂದೇ ಪ್ರೋಗ್ರಾಂ ಸಾಕು" ಎಂದ.

"ನನ್ನ ಕೈಯಲ್ಲಿ ಒಂದು ಸಲವೂ ಹೀಗಾಗಿಲ್ಲ ಸರ್."

"ಎಲ್ಲರ ಕೈಯೂ ನಿಮ್ಮ ಕೈಯಲ್ಲವಲ್ಲ."

ವರ್ಷಗಟ್ಟಲೆ ದುಡಿದದ್ದು ನೀರುಪಾಲಾಗುವುದರಲ್ಲಿತ್ತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮೌಸ್‌ನ ಹೊಟ್ಟೆ ಬಿಚ್ಚಿ ಒಳಗಿನ ಚೆಂಡು ಒರೆಸಿದಳು. ತಂತಿ ಬದಲಿಸಿದಳು. ಪಾಪ, ಮೌಸ್‌ನದೇನು ತಪ್ಪು? ಕೊನೆಗೆ, ಗುಂಡಿ ಒತ್ತಿದರು, ಗುಂಡಿ ಬಿಟ್ಟರು ಎಂದು ಮೌಸ್ ಕಳಿಸುವ ಒಂದೊಂದು ಸುದ್ದಿಯೂ ಯಾವ ಕಿಟಕಿಗೆ ಹೋಗುತ್ತದೆಂದು ಪರದೆಯ ಮೂಲೆಯಲ್ಲಿ ತೋರುವಂತೆ ಮಾಡಿ, ಮ್ಯಾನೇಜರ್ ಎಳೆದ ಹಾಗೆಯೇ ಅವಸರವಸರವಾಗಿ ಎಳೆದಳು. ಬಾಣ ಚಿತ್ರದ ಕಿಟಕಿಯ ಅಂಚು ದಾಟಿ ಕಾಗದದ ಕಿಟಕಿಗೆ ಜಾರಿತು. ಅಲ್ಲೇ ಗುಂಡಿ ಬಿಟ್ಟಳು.

ಈಗ ಕಂಡಿತು. ಒತ್ತಿದ ಸುದ್ದಿ ಚಿತ್ರದ ಕಿಟಕಿಗೆ ಹೋಗಿತ್ತು. ಬಿಟ್ಟ ಸುದ್ದಿ ಕಾಗದದ ಕಿಟಕಿಗೆ ಹೋಗಿತ್ತು. ನಾನು ಏನನ್ನೂ ಹಿಡಿದೇ ಇಲ್ಲ, ಬಿಟ್ಟರೆ ನನಗೇನು ಎಂದು ಕಾಗದದ ಪ್ರೋಗ್ರಾಂ ಅದನ್ನು ಅತ್ತ ಎಸೆದಿತ್ತು. ಚಿತ್ರದ ಪ್ರೋಗ್ರಾಂ ಮಾತ್ರ ಏನೂ ತಿಳಿಯದೆ ಇನ್ನೂ ಹಿಡಿದುಕೊಂಡೇ ಕೂತಿತ್ತು.

ಅವಳು ಒಂದೇ ಒಂದು ಕಟ್ಟಳೆ ಬರೆದು ಸೇರಿಸಿದಳು. ಒತ್ತಿದ ಸುದ್ದಿ ಯಾವ ಕಿಟಕಿಗೆ ಹೋಯಿತೋ ಬಿಟ್ಟ ಸುದ್ದಿಯೂ ಅದಕ್ಕೇ ಹೋಗಬೇಕು, ಬಾಣ ಎಲ್ಲೇ ಇರಲಿ.

ಮರುದಿನ ಮ್ಯಾನೇಜರ್ ಎಳೆದ, ಬಿಟ್ಟ. ಚಿತ್ರ ಬಾಣವನ್ನು ಬಿಟ್ಟು ನಿಂತಿತು. ಅವನು ಬಿಡುವ ಆಸಾಮಿಯಲ್ಲ, ಪರದೆಯ ಉದ್ದಗಲಕ್ಕೂ ಎಳೆದಾಡಿ ನೋಡಿದ. ಬಿಟ್ಟಾಗಲೆಲ್ಲ ಅದೂ ಬಿಟ್ಟಿತು. ಕಚೇರಿಯವರೆಲ್ಲ ಎದ್ದು ಬಂದು ಮೇಜಿನ ಸುತ್ತ ನೆರೆದರು. "ಎರಡೇ ಕಿಟಕಿ ಏಕಮ್ಮ, ನಾಲ್ಕು ತೆರೆಯಿರಿ" ಎಂದ ಅವನು. ಅವಳು ಪರದೆ ತುಂಬ ತೆರೆದಳು. ಗೆದ್ದ ಸಂತೋಷಕ್ಕೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರನ ಮುಖವೂ ಅರಳಿತ್ತು. "ಅವಳು ಗೆದ್ದಳು, ಒಳ್ಳೆಯದಾಯಿತು. ಆದರೆ ನನ್ನ ಸಿಟ್ಟಿಗೂ ಅದಕ್ಕೂ ಏನು ಸಂಬಂಧ ಬುದ್ಧಿ?"

"ಅಣ್ಣನ ಮನೆಯಲ್ಲಿ ಹಿಡಿದದ್ದನ್ನು ನನ್ನ ಮುಂದೆ ಬಂದು ಬಿಟ್ಟೆಯಲ್ಲಯ್ಯ, ಅಣ್ಣನಿಗೆ ಸುದ್ದಿ ಹೋಯಿತೆ?"