ಬಿರುಕು ಬಿಟ್ಟ ಚಿಪ್ಪಿನ ಉಳಿತಾಯ

ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪಿನಲ್ಲಿ ಬಿರುಕು ಕಂಡರೆ ಅದಕ್ಕೆ ಮತ್ತೆ ಮದ್ದು ತುಂಬಬಾರದು. ಈ ನಿಯಮ ಬೆಳ್ಯಪ್ಪನವರ ಮೇಜಿನ ಮೇಲಿದ್ದ ಸಾಮಾನುಗಳಿಗೆಲ್ಲ ಬಾಯಿಪಾಠವಾಗಿತ್ತು. ರೈಫಲ್ ತೋಟೆಯ ಬೆಲೆ ಗಗನಕ್ಕೇರಿದಾಗ ಅವರು ಮನೆಯಲ್ಲೇ ತೋಟೆ ತುಂಬುವ ಯಂತ್ರ ತಂದಿದ್ದರು. ಆ ಯಂತ್ರದ ದುಡ್ಡಿಗೆ ಎಷ್ಟೋ ವರ್ಷಕ್ಕಾಗುವಷ್ಟು ತೋಟೆ ಬರುತ್ತಿತ್ತು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಹಲವು ಸಲ ಸಿಡಿದು ಬಂದಿದ್ದ ಮುದಿ ಚಿಪ್ಪು ಒಂದು ದಿನ ಹೇಳಿತು, "ನನ್ನ ಬುಡ ಬಿರುಕು ಬಿಟ್ಟಿದೆ. ಇನ್ನೊಮ್ಮೆ ಸಿಡಿದರೆ ಯಜಮಾನರ ಕಣ್ಣು ಹೋದೀತು."

"ಕೂದಲೆಳೆಯಷ್ಟು ಗೀರಿಗೆ ಇಷ್ಟು ರಂಪವೇ ಅಜ್ಜಾ?" ಎಂದಿತು ಯಂತ್ರ. "ನಿನ್ನನ್ನು ಬಿಸಾಡಿದರೆ ಉಳಿತಾಯ ಎಲ್ಲಿಂದ ಬರಬೇಕು?"

"ಯಾವ ಉಳಿತಾಯ? ಅಗ್ಗವಾಯಿತೆಂದು ಅವರೀಗ ಮೊದಲಿನ ಎರಡರಷ್ಟು ಹಾರಿಸುತ್ತಿದ್ದಾರಲ್ಲ!"

"ಹಾಗಾದರೆ ಉಳಿತಾಯವೂ ಎರಡರಷ್ಟು!" ಎಂದು ಮದ್ದಿನ ಡಬ್ಬಿ ಸಂಭ್ರಮಿಸಿತು.

"ಯಜಮಾನರಿಗೆ ಕಣ್ಣು ಹೇಗೂ ಎರಡಿವೆ. ಹಿತ್ತಾಳೆ ಸಿಗುವುದೇ ಕಷ್ಟ," ಎಂದು ಮದ್ದು ತೂಗುವ ತಕ್ಕಡಿ ನ್ಯಾಯ ಹೇಳಿತು.

ಬೆಳ್ಯಪ್ಪನವರು ಬಂದು, ಉಬ್ಬಿದ ಚಿಪ್ಪನ್ನು ಮೊದಲಿನ ಅಳತೆಗೆ ತರಲು ಯಂತ್ರದ ಅಚ್ಚಿಗಿಟ್ಟು ಹಿಡಿ ಒತ್ತಿದರು. ಚಿಪ್ಪು ಅಚ್ಚನ್ನು ಕಚ್ಚಿ ಹಿಡಿಯಿತು. ಅವರು ಹಿಡಿಯನ್ನು ಮೇಲೆತ್ತಿದರೂ ಅದು ಬಿಡಲಿಲ್ಲ. ಇನ್ನಷ್ಟು ಬಲವಾಗಿ ಎಳೆದಾಗ, ಒಂದು ಕಾಳು ಮದ್ದೂ ಒಳಗೆ ಬೀಳುವ ಮೊದಲೇ, ಅದು ತನ್ನ ಬುಡವನ್ನು ತಾನೇ ಕಿತ್ತು ಅವರ ಕೈಗೆ ಕೊಟ್ಟಿತು.